ಬಿಡುವು: ಸೊನ್ನೆ

ಅಕ್ಟೋಬರಿಗೇ ಟ್ರಾಲಿಬಸ್ಸಿನ ಕಿಟಕಿ ಹೆಪ್ಪುಗಟ್ಟಿದೆ.
ಉಗುರಿನಿಂದ ಕೆರೆದು ಮೂರು ಚೌಕ ಬರೆಯುತ್ತೇನೆ,
ಚೌಕದಿಂದ ಚೌಕಕ್ಕೊಂದು ಬಾಣ:
ಅಗೆತ, ಬೆಸುಗೆ, ಒತ್ತಡದ ಪರೀಕ್ಷೆ.
ಪಕ್ಕದ ಮುದುಕಿ ಹಾ ಎಂದು ಉಸಿರೂದಿ
ಬೆಸುಗೆಯನ್ನು ಅಂಗೈಯಲ್ಲಿ ಒರೆಸಿಬಿಡುತ್ತಾಳೆ.
ಅವಳಿಗೆ ಇಳಿಯುವ ನಿಲ್ದಾಣ ಕಾಣಬೇಕು.

ಪುಸ್ತಕ ಹೇಳುತ್ತದೆ:
ಕೆಲಸ ಕೆಲಸಕ್ಕೂ ಒಂದಿಷ್ಟು ಬಿಡುವು ಇರುತ್ತದೆ,
ಅದು ಜಾರಿದರೂ ಗಡುವು ಜಾರದಷ್ಟು.
ಬಿಡುವೇ ಇಲ್ಲದವುಗಳದ್ದು ಬೇರೆ ಸಾಲು;
ಅಲ್ಲಿ ಒಂದು ದಿನ ತಡವಾದರೆ ಎಲ್ಲವೂ ಒಂದು ದಿನ ತಡ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ.
ಖುಲಾನಳನ್ನು ಶಾಲೆಯಿಂದ ಕರೆತರುವುದು: ಸೊನ್ನೆ.
ಅಂಗಡಿ ಮುಚ್ಚುವುದರೊಳಗೆ ಹಿಟ್ಟು: ಅರ್ಧ ಗಂಟೆ.
ಗೋಬಿಯ ಗಣಿಯಿಂದ ಗಂಡನ ಫೋನು: ಅವನ ಪಾಳಿ ಬಲ್ಲದು.
ನಿದ್ದೆಗೆ ಏನೆಂದು ಬರೆಯಲಿ?
ಅದನ್ನು ಯಾವಾಗ ಬೇಕಾದರೂ ಮುಂದೂಡಬಹುದು,
ಅದಕ್ಕೇ ದಿನವೆಲ್ಲ ಸಾಲಗಾರನ ಹಾಗೆ ಬೆನ್ನಿಗೆ ಬಿದ್ದಿರುತ್ತದೆ.

ಹನ್ನೊಂದು ವರ್ಷ ಉಲಾನ್‌ಬಾತರಿನ ಬಿಸಿನೀರ ಕೊಳವೆಗಳ ಜೊತೆ ಬಾಳಿದ್ದೇನೆ.
ಯಾವ ಬೀದಿಯಡಿ ಯಾವುದು ಕೆಮ್ಮುತ್ತದೆ, ಬೂಟಿನ ಅಡಿಗೇ ಗೊತ್ತು.
ವಸಂತದಲ್ಲಿ ಬಂದ ಹುಡುಗನಿಗೆ ಗೊತ್ತಿಲ್ಲ,
ಆದರೆ ಅವನ ಹೆಸರಿನ ಪಕ್ಕ ಮೂರು ಅಕ್ಷರಗಳಿವೆ.
ಸಭೆಯಲ್ಲಿ ನಾನು ಹೇಳಿದ್ದನ್ನೇ ಅವನೂ ಹೇಳಿದ.
ನಿರ್ದೇಶಕರು ಆಗ ಬರೆದುಕೊಂಡರು.
ಅವತ್ತೇ ಸಂಜೆ ಶುಲ್ಕ ಕಟ್ಟಿದೆ,
ಹೊಸ ಬೂಟಿಗೆಂದು ಎತ್ತಿಟ್ಟ ದುಡ್ಡು.

ನಮ್ಮ ಕಟ್ಟಡವೂ ನನ್ನದೇ ಪಟ್ಟಿಯಲ್ಲಿದೆ.
ಮೆಟ್ಟಿಲಲ್ಲಿ ನೆರೆಯವರು ಮಾತಾಡಿಸುವುದನ್ನು ಬಿಟ್ಟಿದ್ದಾರೆ.
ರಾತ್ರಿ ಓವನ್ನಿನ ಬಾಗಿಲು ತೆರೆದಿಟ್ಟು ಅದರೆದುರು ಓದು.
ಕೋಟು ಹೊದ್ದ ಖುಲಾನ್ ಮಾಸ್ತರರ ಗತ್ತಿನಲ್ಲಿ ಕೇಳುತ್ತಾಳೆ:
"ತಂಡದ ಒಬ್ಬರು ಮೂರು ದಿನದಿಂದ ಗೈರು.
ವ್ಯವಸ್ಥಾಪಕರು ಮೊದಲು ಮಾಡಬೇಕಾದುದೇನು?"
ಆಯ್ಕೆಗಳು ನಾಲ್ಕು.

ನನಗೆ ಈ ಪ್ರಶ್ನೆ ಗೊತ್ತು. ಇದರ ಹೆಸರು ಡೊರ್ಲಿಗ್‌ಜಾವ್.
ಕೊನೆಯ ನಿಲ್ದಾಣ ದಾಟಿ ಗುಡ್ಡ ಹತ್ತಿದೆ,
ಕಲ್ಲಿದ್ದಲ ಹೊಗೆ, ಬೇಲಿ ಬೇಲಿಗೂ ನಾಯಿ.
ಗೆರ್‌ನ ತಗ್ಗು ಬಾಗಿಲಲ್ಲಿ ತಲೆ ಬಾಗಿಸಿ ಒಳಹೊಕ್ಕರೆ
ಅವನ ಅತ್ತೆ ತೀರಿಕೊಂಡಿದ್ದಾಳೆ.
ಲಾಮಾ ಲೆಕ್ಕ ಹಾಕಿ ಹೇಳಿದ್ದಾರಂತೆ:
ಶುಕ್ರವಾರ, ಬೆಳಕು ಹರಿಯುವ ಮುಂಚೆ,
ಅದಕ್ಕೆ ಹಿಂದಿಲ್ಲ, ಮುಂದಿಲ್ಲ.
ಆ ಪಂಚಾಂಗದಲ್ಲೂ ಬಿಡುವು ಸೊನ್ನೆ.

ಉಪ್ಪು ಹಾಕಿದ ಹಾಲಿನ ಚಹಾ ಕೊಟ್ಟರು.
ಎರಡು ಬಟ್ಟಲು ಕುಡಿದೆ. ಕೊಳವೆಯ ಸುದ್ದಿ ಎತ್ತಲಿಲ್ಲ.
ಎತ್ತಿದವನು ಅವನೇ, ಹೊರಗೆ, ನಾಯಿ ಹಿಡಿದುಕೊಂಡು:
"ಹದಿನಾಲ್ಕನೇ ಬೆಸುಗೆ ನಾನಿಲ್ಲದೆ ಮುಟ್ಟಬೇಡಿ, ನರ್‌ಮಂದಾಖ್."
ಶುಕ್ರವಾರ ಮಧ್ಯಾಹ್ನ ಬಂದ. ಅದೇ ಬಟ್ಟೆ.
ಗುಂಡಿಗಿಳಿದು, ಮುಖದ ಮೇಲೆ ಕವಚ ಎಳೆದುಕೊಂಡು
ಯಾರ ಜೊತೆಗೂ ಮಾತಾಡದೆ ಕಿಡಿ ಹೊತ್ತಿಸಿದ.

"ಮೂರನೆಯದು," ಎಂದೆ. "ಹೋಗಿ ನೋಡಿಬರಬೇಕು."
ಖುಲಾನ್ ಹಾಳೆ ತಿರುವಿದಳು.
"ತಪ್ಪು, ಅಮ್ಮಾ. ಎರಡನೆಯದು.
ಮೊದಲು ವೇಳಾಪಟ್ಟಿಯ ಮೇಲಾಗುವ ಪರಿಣಾಮವನ್ನು ಅಳೆಯಬೇಕು."

ಎರಡನೆಯದು, ಎರಡನೆಯದು.
ಬಾಯಿಪಾಠ ಮಾಡುತ್ತೇನೆ. ಆ ದಿನ ಅದನ್ನೇ ಗುರುತು ಹಾಕುತ್ತೇನೆ,
ಕೈ ನಡುಗುವುದಿಲ್ಲ.
ಮೂರು ಅಕ್ಷರ ನನಗೂ ಬೇಕು.

ಮಗಳು ಮೇಜಿನ ಮೇಲೇ ಮಲಗಿದಳು.
ಒಂದೂ ಮುಕ್ಕಾಲಿಗೆ ಗೋಡೆಯೊಳಗೆ ಏನೋ ಕೆಮ್ಮಿತು,
ಗಂಟಲು ಸರಿಮಾಡಿಕೊಂಡಿತು.
ಕೈಗವಸು ಕಳಚಿ ಕಿಟಕಿಯ ಕೆಳಗಿನ ಕಬ್ಬಿಣ ಮುಟ್ಟಿದೆ:
ತಣ್ಣಗೆ, ತಣ್ಣಗೆ,
ಆಮೇಲೆ ಅಷ್ಟೊಂದು ತಣ್ಣಗಲ್ಲ.
ಮೇಲಿನ ಮನೆಯಲ್ಲಿ ಯಾರೋ ಎದ್ದು ಓಡಾಡಿದ ಸದ್ದು.

ಇನ್ನೂ ನೂರಾ ಹನ್ನೆರಡು ಪ್ರಶ್ನೆಗಳಿವೆ.
ಓವನ್ನಿನ ಬಾಗಿಲು ಮುಚ್ಚಿದೆ.